ಬಾವಿಗೆ ಜೇಕಿನ ಕಾವಲು

ನಮ್ಮೂರು ಬೈರಕೂರಿನ ಹತ್ತಿರ. ಊರ ಪಕ್ಕದಲ್ಲೇ ಒಂದು ಹಳ್ಳವಿದೆ. ನಾವು ಅದನ್ನು ವಂಕ ಎನ್ನುತ್ತೇವೆ. ಎಷ್ಟೋ ವರ್ಷ ಆ ಹಳ್ಳದಲ್ಲಿ ನೀರಿಗಿಂತ ಕುರಿಗಳೇ ಹೆಚ್ಚು ಓಡಾಡಿದವು. ಈಚೆಗೆ ಒಳ್ಳೆಯ ಮಳೆಯಾಗಿ ಮೇಲಿನ ಕೆರೆ ಕೋಡಿ ಹೋಯಿತು ನೋಡಿ, ಹಳ್ಳಕ್ಕೆ ಜೀವ ಬಂತು. ದಂಡೆಯ ಮೇಲಿದ್ದ ಶಾಮಲಮ್ಮನ ತೆರೆದ ಬಾವಿಗೂ ನೀರು ಬಂತು.

ಆ ಬಾವಿ ಶಾಮಲಮ್ಮನ ಮಾವ ತೋಡಿಸಿದ್ದು. ಬತ್ತಿದ ಮೇಲೆ ಊರಿನ ಹರಕು ಚಪ್ಪಲಿ, ಒಡೆದ ಬಿಂದಿಗೆ ಎಲ್ಲಕ್ಕೂ ಅದೇ ಗತಿಯಾಗಿತ್ತು. ನೀರು ಕಂಡದ್ದೇ ತಡ, ಶಾಮಲಮ್ಮ ಅದನ್ನು ಶುಚಿ ಮಾಡಿಸಿದಳು. ಪಕ್ಕದಲ್ಲೇ ದಂಟು, ಮೆಂತ್ಯ, ಕೊತ್ತಂಬರಿ ಹಾಕಿದಳು. ಬೋರ್‌ವೆಲ್ ನೀರಿನ ಸರದಿಗಾಗಿ ಇನ್ನೊಬ್ಬರ ಬಾಯಿ ನೋಡುವ ಕೆಲಸ ತಪ್ಪಿತು. ಬೆಳಿಗ್ಗೆ ಎದ್ದರೆ ಮೊದಲು ಬಾವಿಗೆ ಇಣುಕುವುದು, ಆಮೇಲೆ ಕಾಫಿ. ಅವಳ ಸಂತೋಷ ನೋಡಿ ನಮಗೂ ಸಂತೋಷವಾಗುತ್ತಿತ್ತು.

ಆದರೆ ಬಾವಿಗೆ ನೀರು ಬಂದ ಹಾಗೆಯೇ ದಂಡೆಗೆ ಕಾಲು ಬಂತು. ಪ್ರತಿ ಮಳೆಗೂ ಒಂದಿಷ್ಟು ಮಣ್ಣು ಕುಸಿದು ಹಳ್ಳದ ಪಾಲಾಗುತ್ತಿತ್ತು. ಮೊದಲು ಬಾವಿಗೂ ಹಳ್ಳಕ್ಕೂ ನಡುವೆ ಎತ್ತಿನ ಗಾಡಿ ತಿರುಗಿಸುವಷ್ಟು ಜಾಗವಿತ್ತು. ಈಗ ಒಂದು ಎಮ್ಮೆ ಅಡ್ಡ ನಿಂತರೆ ಮುಗಿಯಿತು. ಇನ್ನೊಂದೆರಡು ಜೋರು ಮಳೆ ಬಂದರೆ ಬಾವಿಯ ಕಟ್ಟೆ ಹಳ್ಳಕ್ಕೆ ಬೀಳುತ್ತದೆ, ಹಳ್ಳದ ಕೆಸರು ಬಾವಿಗೆ ಬೀಳುತ್ತದೆ. ಶಾಮಲಮ್ಮನಿಗೆ ಅದೇ ಚಿಂತೆ.

ಅವಳ ಗಂಡ ಮುನಿರಾಮಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಸಿಮೆಂಟ್ ಚೀಲಗಳಿಗೆ ಮಣ್ಣು ತುಂಬಿ ದಂಡೆಗೆ ಒರಗಿಸಿದ. ಬಿಸಿಲಿಗೆ ಚೀಲ ಹರಿಯಿತು, ಮಳೆಗೆ ಮಣ್ಣು ಹೋಯಿತು. ಹಸುವಿಗೂ ಆಗುತ್ತದೆ ಎಂದು ನೇಪಿಯರ್ ಹುಲ್ಲು ನೆಟ್ಟ. ದಂಡೆಯುದ್ದಕ್ಕೂ ಹೊಂಗೆ ಮರಗಳಿವೆ. ಆ ನೆರಳಿನಲ್ಲಿ ನೇಪಿಯರ್ ಬಡಕಲಾಗಿ ಸತ್ತಿತು.

ಇಷ್ಟೆಲ್ಲ ಮಾಡುತ್ತಲೇ ಅವನು ಇನ್ನೊಂದು ಕೆಲಸವನ್ನೂ ತಪ್ಪದೆ ಮಾಡುತ್ತಿದ್ದ. ತಿಂಗಳಿಗೊಮ್ಮೆ ಸನಿಕೆ ಹಿಡಿದು ದಂಡೆಯನ್ನೆಲ್ಲ ಕೆತ್ತಿ ನುಣ್ಣಗೆ ಮಾಡುವುದು. ನಮ್ಮ ಕಡೆ ಒಂದು ಲೆಕ್ಕವಿದೆ. ದಂಡೆ ಬೋಳಾಗಿದ್ದರೆ ಅವನು ರೈತ, ಹುಲ್ಲು ಬೆಳೆದಿದ್ದರೆ ಅವನು ಸೋಮಾರಿ. ಹೆಣ್ಣು ಕೊಡಲು ಬಂದವರು ಕೂಡ ಹುಡುಗನ ಮುಖಕ್ಕಿಂತ ಮೊದಲು ಅವನ ಹೊಲದ ಬದು ನೋಡುತ್ತಾರೆ. ಮುನಿರಾಮಪ್ಪನ ದಂಡೆಯಂಥ ದಂಡೆ ಸುತ್ತ ಏಳು ಹಳ್ಳಿಯಲ್ಲಿ ಇರಲಿಲ್ಲ. ಒಂದು ಗರಿಕೆ ಕೂಡ ಸಿಗದು. ಗಣೇಶನ ಪೂಜೆಗೆ ಗರಿಕೆ ಬೇಕಾದರೆ ಶಾಮಲಮ್ಮ ಪಕ್ಕದವರ ಬದುವಿಗೆ ಹೋಗಬೇಕಿತ್ತು.

ಹಳ್ಳದ ಆಚೆ ದಂಡೆ ನೂರ್ಜಹಾನಳ ಮನೆಯವರದು. ಅವಳ ಗಂಡ ಲಿಯಾಖತ್ ಬೈರಕೂರಿನಲ್ಲಿ ಹಾಸಿಗೆ, ದಿಂಬು ಹೊಲಿಯುತ್ತಾನೆ. ದಂಡೆ ಕೆತ್ತಲು ಅವನಿಗೆ ಪುರುಸೊತ್ತೂ ಇಲ್ಲ, ಮನಸ್ಸೂ ಇಲ್ಲ. ಹಾಗಾಗಿ ಊರವರು ಅದಕ್ಕೆ ಸೋಮಾರಿ ದಂಡೆ ಎಂದೇ ಹೆಸರಿಟ್ಟಿದ್ದರು.

ಮೇ ತಿಂಗಳ ಒಂದು ಸಂಜೆ ನೂರ್ಜಹಾನ್ ದಂಟಿನ ಸೊಪ್ಪಿಗೆ ಬಂದಳು. ಇಬ್ಬರೂ ಒಂದೇ ಸ್ವಸಹಾಯ ಸಂಘದವರು. ಶಾಮಲಮ್ಮ ಬಾವಿ ಕಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಂಕಾಗಿ ಕೂತಿದ್ದಳು.

"ಏನು ಶಾಮಲಕ್ಕಾ, ಮುಖ ಸಪ್ಪಗೈತೆ?"

"ಇನ್ನೇನಮ್ಮಾ ನೂರಮ್ಮಾ. ಈ ಮಳೆಗಾಲ ದಾಟಿದ್ರೆ ನನ್ ಬಾವಿಗೆ ಪುಣ್ಯ. ಹಳ್ಳ ದಂಡೆನ ಹೆಂಗೆ ತಿಂದ್ಹಾಕೈತೆ ನೋಡು."

"ಅಕ್ಕಾ, ನಾನೊಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ದಂಡೆ ಹೋಗ್ತಾ ಐತೆ, ನಮ್ಮ ದಂಡೆ ಇದ್ದಲ್ಲೇ ಐತೆ. ಮಧ್ಯ ಹರಿಯೋದು ಒಂದೇ ನೀರು. ಯಾಕೆ ಹಿಂಗೆ?"

"ನಿಮ್ಮೋರು ಅಡಿಗೆ ಕಲ್ಲು ಕಟ್ಸಿರ್ಬೇಕು."

ನೂರ್ಜಹಾನ್ ನಕ್ಕುಬಿಟ್ಟಳು. "ನಮ್ಮೋರಾ? ಹಾಸಿಗೆ ಹೊಲಿಯೋದು, ಆ ಹಾಸಿಗೆ ಮೇಲೆ ಮಲಗೋದು, ಇವೆರಡು ಬಿಟ್ಟು ಅವ್ರಿಗೇನು ಗೊತ್ತು? ಕಲ್ಲೂ ಇಲ್ಲ, ಗಾರೆನೂ ಇಲ್ಲ ಅಕ್ಕಾ. ಜೇಕು. ನೀವು ತೆಲುಗಲ್ಲಿ ತುಂಗ ಅಂತೀರಲ್ಲ, ಅದು."

"ಆ ಕಸಾನಾ?"

"ನಾನೂ ಕಸ ಅಂತಾನೇ ಅಂದ್ಕೊಂಡಿದ್ದೆ. ಹೋದ ವರ್ಷ ಸಂಘದಿಂದ ತರಬೇತಿಗೆ ಹೋಗಿದ್ವಲ್ಲ, ನಿಮಗೆ ಜ್ವರ ಅಂತ ನೀವು ಬರ್ಲಿಲ್ಲ. ಅಲ್ಲಿ ಹಳ್ಳದ ದಂಡೆ ತೋರ್ಸಿ ಹೇಳಿದ್ರು. ಬಿಸಿಲಿರೋ ಕಡೆ ಗರಿಕೆ ಹಿಡೀತದೆ. ಮರದ ನೆರಳು, ಜೊತೆಗೆ ತೇವ, ಇಂಥ ಕಡೆ ಬೇರೆ ಹುಲ್ಲು ನಿಲ್ಲಲ್ಲ, ಜೇಕು ನಿಲ್ತದೆ. ಇದು ಇಲ್ಲೇ ಹುಟ್ಟಿ ಬೆಳೆದಿರೋದು. ಬಿತ್ತೋಕೆ ಬೀಜ ತರ್ಬೇಕಾ, ಗೊಬ್ಬರ ಹಾಕ್ಬೇಕಾ, ಏನೂ ಇಲ್ಲ."

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಶಾಮಲಮ್ಮನಿಗೂ ಹಾಗೇ ಆಯಿತು. ಕಣ್ಣೆದುರೇ ಇದ್ದ ಗಿಡದ ಮೇಲೆ ನಂಬಿಕೆ ಬರಲಿಲ್ಲ. ಇನ್ನೊಂದು ಭಯವೂ ಅವಳಿಗಿತ್ತು.

"ಅಲ್ಲಮ್ಮಾ, ಅದು ಕೊನ್ನಾರಿ ಜಾತಿದಲ್ವಾ? ಕೊನ್ನಾರಿ ಒಂದ್ಸಲ ಹೊಕ್ಕಿದ್ರೆ ನನ್ ಸೊಪ್ಪಿನ ಮಡಿ ಎಲ್ಲಾ ನುಂಗ್ಹಾಕ್ತದೆ. ನಮ್ಮನೆಯೋರು ನನ್ನನ್ನೂ ಕೆತ್ತಿ ಬಿಸಾಕ್ತಾರೆ."

"ಕೊನ್ನಾರಿ ಬೇರೆ, ಇದು ಬೇರೆ. ಬನ್ನಿ ತೋರಿಸ್ತೀನಿ."

ಹಳ್ಳದಲ್ಲಿ ಆಗ ಪಾದ ನೆನೆಯುವಷ್ಟೇ ನೀರು. ಇಬ್ಬರೂ ದಾಟಿ ಆಚೆ ಹೋದರು. ಹೊಂಗೆ ನೆರಳಿನಲ್ಲಿ ಮಂಡಿಯೆತ್ತರದ ಜೇಕು ಪೊದೆ ಪೊದೆಯಾಗಿ ನಿಂತಿತ್ತು. ನೂರ್ಜಹಾನ್ ಒಂದು ಕಡ್ಡಿ ಕಿತ್ತು ಶಾಮಲಮ್ಮನ ಕೈಗೆ ಕೊಟ್ಟಳು.

"ಬೆರಳಲ್ಲಿ ಉರುಳ್ಸಿ ನೋಡಿ. ಹುಲ್ಲಿನ ಕಡ್ಡಿ ಆದ್ರೆ ದುಂಡಗೆ ಉರುಳ್ತದೆ. ಇದು ತಡೀತದೆ, ಮೂರು ಮೂಲೆ. ಆದ್ರೆ ಕೊನ್ನಾರಿಗೂ ಮೂರು ಮೂಲೆನೇ. ಅದಕ್ಕೆ ಬುಡ ನೋಡ್ಬೇಕು."

ಗುದ್ದಲಿಯಿಂದ ಒಂದು ಪೊದೆಯ ಬುಡ ಎಬ್ಬಿಸಿದಳು. ಕೆಳಗೆ ಬರೀ ಬೇರು. ಮುದುಕಿಯ ಕೂದಲಿನ ಗಂಟಿನ ಹಾಗೆ ಸಿಕ್ಕುಸಿಕ್ಕಾಗಿ ಮಣ್ಣನ್ನು ಹಿಡಿದುಕೊಂಡಿತ್ತು. ಒದರಿದರೂ ಮಣ್ಣು ಬೀಳಲಿಲ್ಲ.

"ಗಡ್ಡೆ ಐತಾ? ಇಲ್ಲ. ಕೊನ್ನಾರಿ ಆದ್ರೆ ಮಣ್ಣೊಳಗೆ ದಾರ ಓಡಿಸಿ ಅಲ್ಲೊಂದು ಇಲ್ಲೊಂದು ಕಪ್ಪು ಗಡ್ಡೆ ಇಟ್ಟಿರ್ತದೆ, ಒಡೆದ್ರೆ ಘಮ್ ಅಂತದೆ. ಗಡ್ಡೆ ಇದ್ರೆ ಅದನ್ನ ಮುಟ್ಲೇಬೇಡಿ. ಗಡ್ಡೆ ಇಲ್ದೆ ಹಿಂಗೆ ಗುಂಪಾಗಿ ನಿಲ್ಲೋದು ಇದ್ದಲ್ಲೇ ದಪ್ಪ ಆಗ್ತದೆ. ಎಲ್ಲೋ ಒಂದೊಂದು ಬೀಜ ಬಿದ್ದು ಮಡಿಯಲ್ಲಿ ಹುಟ್ಟಿದ್ರೆ ಎಳೇದರಲ್ಲೇ ಕಿತ್ರಾಯ್ತು, ಸಲೀಸಾಗಿ ಬರ್ತದೆ."

ಶಾಮಲಮ್ಮ ಆ ಬೇರಿನ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಆಚೆ ದಡದಲ್ಲಿದ್ದ ತನ್ನ ಬಾವಿಯನ್ನು ನೋಡಿದಳು. ಅಲ್ಲಿಂದ ನೋಡಿದಾಗ ಅದು ಇನ್ನೂ ಅಂಚಿಗೆ ಬಂದಂತೆ ಕಂಡಿತು.

"ಸರ್ಲೇ. ನೆಟ್ಟು ನೋಡಾಣ," ಎಂದಳು.

ಮುನಿರಾಮಪ್ಪ ಆಗ ಊರಲ್ಲಿರಲಿಲ್ಲ. ಮಾವಿನ ಕೊಯ್ಲಿಗೆ ಗೌನಿಪಲ್ಲಿಯ ಭಾವನ ತೋಪಿಗೆ ಹೋಗಿದ್ದ. ಅಲ್ಲೇ ಉಂಡು ಅಲ್ಲೇ ಮಲಗಿ, ಕೊಯ್ಲು ಮುಗಿದ ಮೇಲೆ ಬರುವುದು ಅವನ ರೂಢಿ. ಜೂನ್‌ನಲ್ಲಿ ಮುಂಗಾರು ಹನಿದು ಮಣ್ಣು ನೆಂದ ಕೂಡಲೇ ಹೆಂಗಸರಿಬ್ಬರೂ ಕೆಲಸಕ್ಕಿಳಿದರು.

ಮೊದಲು ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದ ದಂಡೆಯನ್ನು ಸ್ವಲ್ಪ ಇಳಿಜಾರು ಮಾಡಿದರು. ನೆಟ್ಟಗಿನ ದಂಡೆಯಲ್ಲಿ ಏನು ನೆಟ್ಟರೂ ಮಣ್ಣಿನ ಸಮೇತ ಜಾರುತ್ತದೆ. ಆಮೇಲೆ ನೂರ್ಜಹಾನಳ ದಂಡೆಯಿಂದ ಜೇಕು ತಂದರು. ಯಾವ ಪೊದೆಯನ್ನೂ ಪೂರ್ತಿ ಕೀಳಲಿಲ್ಲ. ಪ್ರತಿಯೊಂದರಲ್ಲೂ ಒಂದು ಪಕ್ಕ ಮಾತ್ರ ಸೀಳಿ, ಉಳಿದದ್ದಕ್ಕೆ ಮಣ್ಣು ಮುಚ್ಚಿದರು. ಒಬ್ಬರ ಬಾವಿ ಉಳಿಸಲು ಇನ್ನೊಬ್ಬರ ದಂಡೆ ಬೋಳಿಸಿದರೆ ಏನು ಬಂತು?

ಸೀಳಿದ ಬುಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಮೇಲಿನ ಎಲೆಗಳನ್ನು ಒಂದು ಗೇಣು ಬಿಟ್ಟು ಕತ್ತರಿಸಿದರು.

"ಅಯ್ಯೋ, ತಲೆ ಕತ್ತರಿಸಿದ್ರೆ ಬದುಕ್ತದಾ?" ಎಂದು ಶಾಮಲಮ್ಮ ಗಾಬರಿಯಾದಳು.

"ಬೇರು ಹಿಡಿಯೋವರೆಗೂ ಅಷ್ಟು ಎಲೆಗೆ ನೀರು ಎಲ್ಲಿಂದ ತರ್ತದೆ ಅಕ್ಕಾ? ಮುಡಿ ಕೊಟ್ಟು ಬಂದ ಮಗು ಹಂಗೆ, ಮತ್ತೆ ಬೆಳೀತದೆ ಬಿಡಿ."

ನೀರಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಸಾಲು ಸಾಲಾಗಿ, ಗೇಣಿಗೊಂದರಂತೆ ನೆಟ್ಟರು. ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವ ಹಾಗೆ ನೋಡಿಕೊಂಡರು. ಶಾಮಲಮ್ಮ ಟೊಮೊಟೊ ಸಸಿಯ ಹಾಗೆ ಆಳಕ್ಕೆ ಹೂಳುತ್ತಿದ್ದಳು, ನೂರ್ಜಹಾನ್ ತಡೆದಳು. ಬೇರು ಮಾತ್ರ ಮಣ್ಣಿನಲ್ಲಿ, ಚಿಗುರು ಬರುವ ಬುಡ ಮೇಲೆ. ನೆಟ್ಟ ಮೇಲೆ ಹಿಮ್ಮಡಿಯಿಂದ ಚೆನ್ನಾಗಿ ತುಳಿಯಬೇಕು. ಮಳೆ ಬಿಡುವು ಕೊಟ್ಟಾಗ ಶಾಮಲಮ್ಮ ಬಾವಿಯಿಂದ ಸೇದಿ ನೀರು ಹಾಕಿದಳು. ಬಿದ್ದ ಹೊಂಗೆ ಎಲೆ ಬುಡವನ್ನು ಮುಚ್ಚದ ಹಾಗೆ ಸರಿಸಿದಳು. ದನ ಇಳಿಯದಂತೆ ಮುಳ್ಳು ಇಟ್ಟಳು. ಸ್ವಲ್ಪ ದಿನಕ್ಕೇ ಕತ್ತರಿಸಿದ ತಲೆಗಳಲ್ಲಿ ಹಸಿರು ಇಣುಕಿತು.

ಅವಳು ಒಂದೇ ಒಂದು ಕೆಲಸ ಮಾಡಲಿಲ್ಲ. ಗಂಡನಿಗೆ ಹೇಳಲಿಲ್ಲ. ಫೋನಿನಲ್ಲಿ ಹೇಳಿದರೆ ಅಲ್ಲಿಂದಲೇ ಬಯ್ಯುತ್ತಾನೆ, ಬಂದ ಮೇಲೆ ಕಣ್ಣಾರೆ ನೋಡಲಿ ಎಂದುಕೊಂಡಳು.

ಮುನಿರಾಮಪ್ಪ ಜುಲೈನಲ್ಲಿ ಒಂದು ಚೀಲ ಮಾವಿನ ಹಣ್ಣಿನೊಂದಿಗೆ ಬಂದ. ಬಂದಾಗ ಕತ್ತಲಾಗಿತ್ತು. ಊಟ ಮಾಡಿ ಮಲಗಿದ. ಬೆಳಿಗ್ಗೆ ಹೆಂಡತಿ ಏಳುವ ಮೊದಲೇ ಎದ್ದು ಹಳ್ಳದ ಕಡೆ ಹೋದ. ನೋಡುತ್ತಾನೆ, ತನ್ನ ದಂಡೆಯ ತುಂಬ ಜೇಕು! ಪಾಪ, ಒಬ್ಬಳೇ ಇದ್ದಳು, ಕೆತ್ತಲು ಆಗಿಲ್ಲ, ಎಂದುಕೊಂಡ. ಹೆಂಡತಿಗೆ ಖುಷಿಯಾಗಲಿ ಎಂದು ಪಂಚೆ ಎತ್ತಿ ಕಟ್ಟಿ, ಸನಿಕೆ ಹಿಡಿದು, ಹಳ್ಳ ಹರಿದು ಬರುವ ಕಡೆಯ ತುದಿಯಿಂದ ಬಾವಿಯ ಕಡೆಗೆ ಕೆತ್ತುತ್ತಾ ಬಂದ. ಕೆತ್ತಿದ್ದನ್ನೆಲ್ಲ ಬಂಡೆಯ ಮೇಲೆ ಬಿಸಿಲಿಗೆ ಎಸೆದ. ಪ್ರೀತಿಯಿಂದ ಮಾಡಿದ ಕೆಲಸ, ಬಲು ಚುರುಕಾಗಿ ಸಾಗಿತು.

ಬಾವಿ ಹತ್ತಿರ ಬರುವ ಹೊತ್ತಿಗೆ ಬೆವರು ಒರೆಸಿಕೊಳ್ಳಲು ನಿಂತ. ಅಷ್ಟರಲ್ಲಿ ಶಾಮಲಮ್ಮ ಬಂದಳು.

"ನೋಡೇ ಶಾಮಲಾ, ಅರ್ಧ ಮುಗ್ಸಿದೆ. ಏನು ಕಸ ಬೆಳೆದಿತ್ತು ಅಂತೀಯ!"

ಶಾಮಲಮ್ಮ ಬಂಡೆಯ ಮೇಲೆ ಬಾಡಿ ಬಿದ್ದಿದ್ದ ಗಿಡಗಳನ್ನು ನೋಡಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

"ಏನಯ್ಯಾ ನೀನು! ಅದು ಕಸ ಅಲ್ಲ ಕಣಯ್ಯಾ. ನಾನು ಸೊಂಟ ಮುರ್ಕೊಂಡು ನೆಟ್ಟಿದ್ದು!"

"ನೆಟ್ಟಿದ್ದಾ? ಜೇಕು ಯಾರಾದ್ರೂ ನೆಡ್ತಾರೇನೇ? ನಾಳೆ ನೆಗ್ಗಿಲು ಮುಳ್ಳು ಬಿತ್ತು! ಊರೋರು ನೋಡಿದ್ರೆ ಏನಂತಾರೆ? ಮುನಿರಾಮಪ್ಪ ಮಾವು ತಿಂದು ಸೋಮಾರಿ ಆದ ಅಂತಾರೆ."

ಗಲಾಟೆ ಕೇಳಿ ನೂರ್ಜಹಾನ್ ಆಚೆ ದಡದಿಂದ ಓಡಿ ಬಂದಳು. ಅವಳನ್ನು ನೋಡಿ ಮುನಿರಾಮಪ್ಪನ ದನಿ ಸ್ವಲ್ಪ ಇಳಿಯಿತು, ಅನುಮಾನ ಇಳಿಯಲಿಲ್ಲ.

"ಏನ್ ತಾಯಿ, ಇದು ನಿನ್ ಉಪದೇಶಾನಾ? ಕೊನ್ನಾರಿ ನನ್ ಸೊಪ್ಪಿನ ಮಡಿಗೆ ನುಗ್ಗಿದ್ರೆ ನೀನು ಬಂದು ಕೀಳ್ತೀಯಾ?"

"ಅಣ್ಣಾ, ನನ್ ಮಾತು ನಂಬ್ಬೇಡಿ. ಸನಿಕೆ ನಿಮ್ಮ ಕೈಯಲ್ಲೇ ಐತೆ. ಉಳಿದಿರೋದ್ರಲ್ಲಿ ಒಂದು ಬುಡ ಎಬ್ಸಿ ನೋಡಿ. ಒಂದು ಗಡ್ಡೆ ಸಿಕ್ಕಿದ್ರೂ ನಾನೇ ಎಲ್ಲಾ ಕಿತ್ತು ಹಾಕಿ ಹೋಗ್ತೀನಿ."

ಮುನಿರಾಮಪ್ಪ ಒಂದು ಬುಡ ಎಬ್ಬಿಸಿದ. ಗಡ್ಡೆ ಇಲ್ಲ. ಪಕ್ಕದಲ್ಲಿ ಇನ್ನೊಂದು ಎಬ್ಬಿಸಿದ, ಅದರಲ್ಲೂ ಇಲ್ಲ. ಮೂರನೆಯದಕ್ಕೆ ಸನಿಕೆ ಎತ್ತಿದಾಗ ಶಾಮಲಮ್ಮ ಕೈ ಅಡ್ಡ ಹಿಡಿದಳು.

"ಸಾಕು ಬಿಡಯ್ಯಾ. ಹುಡುಕೋ ನೆಪದಲ್ಲಿ ಉಳಿದಿದ್ದೂ ಮುಗಿಸ್ಬಿಡ್ತೀಯ. ನೀನು ಕೆತ್ತಿರೋ ಅರ್ಧ ನಿನ್ನ ಇಷ್ಟ. ಬಾವಿ ಕಡೆ ಅರ್ಧ ನನ್ನದು. ಅದಕ್ಕೆ ಸನಿಕೆ ತಗುಲ್ಸಿದ್ರೆ ನೋಡು."

ಮುನಿರಾಮಪ್ಪ ಎಬ್ಬಿಸಿದ ಎರಡು ಬುಡಗಳನ್ನು ಅವಳೇ ಮತ್ತೆ ನೆಟ್ಟು ತುಳಿದಳು. ಅವನು ಹೆಗಲ ಮೇಲೆ ಸನಿಕೆ ಇಟ್ಟುಕೊಂಡು, "ಮಳೆ ಬರ್ಲಿ, ನಿನ್ ಜೇಕು ಮೊದ್ಲು ತೇಲ್ಕೊಂಡು ಹೋಗ್ತದೆ" ಎಂದು ಹೇಳಿ ನಡೆದ. ಆದರೂ ಹೆಂಡತಿಯ ಮಾತು ಮೀರಲಿಲ್ಲ. ತನ್ನ ಅರ್ಧವನ್ನು ಮಾತ್ರ ತಿಂಗಳಿಗೊಮ್ಮೆ ನುಣ್ಣಗೆ ಕೆತ್ತಿದ. ಹಾದು ಹೋಗುವವರು ಅವನ ಅರ್ಧ ನೋಡಿ ಭೇಷ್ ಎಂದರು, ಶಾಮಲಮ್ಮನ ಅರ್ಧ ನೋಡಿ ನಕ್ಕರು. ಶಾಮಲಮ್ಮ ಕೇಳಿಯೂ ಕೇಳದ ಹಾಗಿದ್ದಳು. ಒಳಗೊಳಗೆ ಅವಳಿಗೂ ಭಯವಿತ್ತು. ಈ ಜೇಕು ಕೈಕೊಟ್ಟರೆ ಹೋಗುವುದು ಅವಳ ಬಾವಿಯೇ ತಾನೇ?

ಗೌರಿ ಹಬ್ಬ ಕಳೆದ ಮೇಲೆ ಮಳೆ ಬಂತು. ಅಂಥಿಂಥ ಮಳೆಯಲ್ಲ. ಸಂಜೆ ಹಿಡಿದದ್ದು ಬೆಳಗಿನವರೆಗೂ ಬಿಡಲಿಲ್ಲ. ಕೆರೆ ಕೋಡಿ ಬಿದ್ದ ಸದ್ದು ಮನೆಯೊಳಗೇ ಕೇಳುತ್ತಿತ್ತು. ಬೆಳಕು ಹರಿದ ಕೂಡಲೇ ಗಂಡ ಹೆಂಡತಿ ಇಬ್ಬರೂ ಗೋಣಿ ತಲೆಗೆ ಹಾಕಿಕೊಂಡು ಹಳ್ಳದ ಕಡೆ ಓಡಿದರು. ಶಾಮಲಮ್ಮ ದಾರಿಯುದ್ದಕ್ಕೂ ದೇವರನ್ನು ಕರೆಯುತ್ತಿದ್ದಳು.

ಕೆಂಪು ನೀರು ದಡ ತುಂಬಿ ಹೋಗುತ್ತಿತ್ತು. ಮುನಿರಾಮಪ್ಪನ ಅರ್ಧ ಇರಲಿಲ್ಲ. ನುಣ್ಣಗಿದ್ದ ಇಳಿಜಾರು ಪೂರ್ತಿ ಕೊಚ್ಚಿಹೋಗಿ, ಒಂದು ಹೊಂಗೆ ಮರದ ಬೇರು ಗಾಳಿಯಲ್ಲಿ ತೂಗುತ್ತಿತ್ತು. ಕುಸಿತ ಕೆತ್ತಿದ ಜಾಗದುದ್ದಕ್ಕೂ ಬಂದು, ಜೇಕು ಶುರುವಾಗುವಲ್ಲಿ ನಿಂತಿತ್ತು. ಅಲ್ಲಿಂದಾಚೆಗೆ ಜೇಕೆಲ್ಲ ನೀರು ಹರಿದ ದಿಕ್ಕಿಗೆ ಬಾಚಿದ ಹಾಗೆ ಮಲಗಿತ್ತು. ಆದರೆ ಒಂದು ಬುಡವೂ ಕದಲಿರಲಿಲ್ಲ. ಅದರ ಹಿಂದೆ ಬಾವಿ. ಬಾವಿ ಕಟ್ಟೆ ಇದ್ದ ಹಾಗೇ ಇತ್ತು. ಶಾಮಲಮ್ಮ ಇಣುಕಿ ನೋಡಿದಳು. ನೀರು ಮೇಲೆ ಬಂದಿತ್ತು, ಕೆಸರು ಒಳಗೆ ಇಳಿದಿರಲಿಲ್ಲ. ಅವಳು ಕಟ್ಟೆಯನ್ನು ತಬ್ಬಿಕೊಂಡೇ ಬಿಟ್ಟಳು.

ಮುನಿರಾಮಪ್ಪ ನೀರು ಇಳಿದ ಮೇಲೆ ಜೇಕಿನ ಸಂದಿಗೆ ಕೈ ಹಾಕಿ ನೋಡಿದ. ಮೇಲಿನಿಂದ ಹರಿದು ಬಂದ ಮೆಕ್ಕಲು ಮಣ್ಣು ಅಲ್ಲಿ ತಂಗಿತ್ತು.

"ಲೇ ಶಾಮಲಾ, ನನ್ ಮಣ್ಣು ನಿನ್ ಜೇಕಲ್ಲಿ ಬಂದು ಕೂತೈತಲ್ಲೇ," ಎಂದ.

"ನಿನ್ ಮಣ್ಣಿಗೆ ನಿನಗಿಂತ ಬುದ್ಧಿ ಐತೆ ಅಂತಾಯ್ತು," ಎಂದಳು ಶಾಮಲಮ್ಮ. ಹೇಳಿ ನಕ್ಕಳು. ಅವನೂ ನಕ್ಕ. ಆಮೇಲೆ ತಲೆ ತಗ್ಗಿಸಿ, "ನಾನು ಎಲ್ಲಾ ಕೆತ್ತಿ ಮುಗ್ಸಿದ್ರೆ ಇವತ್ತು ಅಪ್ಪನ ಬಾವಿ ಹೋಗಿರೋದು ಕಣೇ. ತಪ್ಪಾಯ್ತು," ಎಂದ. ಗಂಡನ ಬಾಯಲ್ಲಿ ಆ ಮಾತು ಅವಳು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಆಚೆ ದಡದಲ್ಲಿ ಲಿಯಾಖತ್ ಹೆಂಡತಿಯ ಜೊತೆ ನಿಂತು ಎಲ್ಲ ನೋಡುತ್ತಿದ್ದ. "ಮುನಿರಾಮಣ್ಣಾ, ಸೋಮಾರಿ ದಂಡೆ ಬೇಕಾ ನಿಮಗೂ?" ಎಂದು ಕೂಗಿದ.

"ಬೇಕು ಸಾಬರೇ! ಗುದ್ದಲಿ ತಗೊಂಡು ನಾನೇ ಬರ್ತೀನಿ!"

ಮಣ್ಣಿನ ತೇವ ಇನ್ನೂ ಇದ್ದಾಗಲೇ ಅವನು ಕುಸಿದ ಜಾಗವನ್ನು ಇಳಿಜಾರು ಮಾಡಿದ, ಜೇಕು ನೆಟ್ಟ. ನೂರ್ಜಹಾನ್ ಒಂದು ಎಚ್ಚರಿಕೆಯನ್ನೂ ಕೊಟ್ಟಳು. ಕೆರೆಯ ತೂಬಿನ ಬಾಯಿಗೆ, ಕಿರಿದಾದ ನೀರುಗಾಲುವೆಯ ಒಳಗೆ ಇದನ್ನು ನೆಡಬಾರದು, ನೀರಿಗೆ ಅಡ್ಡವಾಗುತ್ತದೆ. ಇದರ ಜಾಗ ದಂಡೆ, ಹರಿಯುವ ದಾರಿಯಲ್ಲ. ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಯಲ್ಲಿ ಕುಡುಗೋಲಿನಿಂದ ಮೇಲ್ಮೇಲೆ ಕೊಯ್ದರೆ ಸಾಕು, ಹೊಸ ಚಿಗುರು ಬರುತ್ತದೆ.

ಈಗ ನಮ್ಮೂರಿಗೆ ಬಂದರೆ ನೀವು ಮುನಿರಾಮಪ್ಪನ ಕೈಗೆ ಸಿಕ್ಕದೆ ಹೋಗುವಂತಿಲ್ಲ. ಜೇಕು ತಾನೇ ಕಂಡುಹಿಡಿದವನ ಹಾಗೆ ಪಾಠ ಹೇಳುತ್ತಾನೆ. ಮೊನ್ನೆ ಮೇಲಿನ ಹೊಲದ ವೇಣುಗೋಪಾಲ್ ಕಳೆನಾಶಕದ ಡಬ್ಬ ಬೆನ್ನಿಗೆ ಹಾಕಿಕೊಂಡು ತನ್ನ ದಂಡೆಗೆ ಹೊಡೆಯಲು ಬಂದಿದ್ದ. ಮುನಿರಾಮಪ್ಪ ಓಡಿ ಹೋಗಿ ಪೈಪು ಹಿಡಿದುಕೊಂಡ.

"ಲೇ ವೇಣು, ಏನ್ಲಾ ಮಾಡ್ತೀಯ? ಆ ವಿಷ ಹಳ್ಳಕ್ಕೆ ಇಳೀತದೆ, ಹಳ್ಳದ ನೀರು ನಮ್ಮ ಬಾವಿಗಳಿಗೆ ಇಳೀತದೆ. ಮೊದ್ಲು ಒಂದು ಬುಡ ಕಿತ್ತು ನೋಡು. ಗಡ್ಡೆ ಐತಾ?"

ವೇಣುಗೋಪಾಲ್ ಕಿತ್ತು ನೋಡಿದ. ಡಬ್ಬ ಕೆಳಗಿಳಿಸಿದ. ಬಾವಿ ಕಟ್ಟೆಯ ಮೇಲೆ ಕೂತು ಸೊಪ್ಪು ಕಟ್ಟುತ್ತಿದ್ದ ಶಾಮಲಮ್ಮ ಗಂಡನ ಗತ್ತು ನೋಡಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದ ಪಕ್ಕದಲ್ಲೂ ಒಂದು ಹಳ್ಳವಿರಬಹುದು, ಮರದ ನೆರಳಿರಬಹುದು, ಅಲ್ಲೊಂದಿಷ್ಟು ಜೇಕು ತಾನಾಗಿಯೇ ಬೆಳೆದಿರಬಹುದು. ಕೆತ್ತಲು ಹೋಗುವ ಮುನ್ನ ಬಗ್ಗಿ ಅದರ ಬುಡ ನೋಡಿ. ಗಡ್ಡೆಯಿಲ್ಲದ, ಗುಂಪಾಗಿ ನಿಲ್ಲುವ ಜೇಕಾದರೆ ಅದನ್ನು ಹಾಗೇ ಬೆಳೆಯಲು ಬಿಡಿ. ನಿಮ್ಮ ದಂಡೆಯಲ್ಲಿ ಅಂಥದ್ದು ಇಲ್ಲದಿದ್ದರೆ ಈ ಮುಂಗಾರಿಗೆ ನೆರೆಯವರನ್ನು ಕೇಳಿ, ಅವರ ಪ್ರತಿ ಪೊದೆಯಲ್ಲೂ ಅರ್ಧಕ್ಕಿಂತ ಹೆಚ್ಚು ಬಿಟ್ಟು, ಉಳಿದದ್ದನ್ನು ತಂದು ನೆಡಿ. ಮನೆಯವರಿಗೆ ಹೇಳಿಯೇ ನೆಡಿ! ದಂಡೆಯಲ್ಲಿ ಹಸಿರಿದೆ ಎಂದು ಯಾರಾದರೂ ನಕ್ಕರೆ ನಗಲಿ. ಹೋದ ಮಣ್ಣನ್ನು ಯಾವ ಹಳ್ಳವೂ ಹಿಂದಕ್ಕೆ ತಂದುಕೊಟ್ಟಿಲ್ಲ. ಇರುವ ಮಣ್ಣನ್ನು ಹಿಡಿದುಕೊಳ್ಳಲು ಜೇಕು ಸಿದ್ಧವಾಗಿದೆ, ನೀವು ಸನಿಕೆ ಕೆಳಗಿಟ್ಟರೆ ಸಾಕು.